ಲ್ಯಾಪ್‌ಲ್ಯಾಂಡಿನ ಕಾಡುಮನೆಗಳಿಗೆ ಚಳಿಗಾಲದಲ್ಲಿ ಹೊರಡುವ ಮುನ್ನ

ಫಿನ್‌ಲ್ಯಾಂಡಿನ ಉತ್ತರಭಾಗವಾದ ಲ್ಯಾಪ್‌ಲ್ಯಾಂಡಿನಲ್ಲಿ, ಧ್ರುವವೃತ್ತದಾಚೆ ರಜೆ ಕಳೆಯಬೇಕೆನ್ನುವ ನಮ್ಮವರು ಸಾಮಾನ್ಯವಾಗಿ ಮೊದಲು ಡಿಸೆಂಬರ್ ತಿಂಗಳನ್ನು ಹಿಡಿಯುತ್ತಾರೆ, ಆಮೇಲೆ ಟಿಕೆಟ್ ನೋಡುತ್ತಾರೆ, ಅಲ್ಲಿ ಏನು ಮಾಡುವುದು ಎಂಬ ಯೋಚನೆ ಕೊನೆಗೆ ಬರುತ್ತದೆ. ರೊವಾನಿಯೆಮಿಯಲ್ಲಿ ಸಾಂಟಾನನ್ನು ನೋಡಿ, ಗಾಜಿನ ಚಾವಣಿಯಡಿ ಒಂದು ರಾತ್ರಿ ಮಲಗಿ, ಹಸ್ಕಿ ನಾಯಿಗಳ ಬಂಡಿಯಲ್ಲಿ ಒಂದು ಸುತ್ತು ಹಾಕಿ ಬರುವುದಾದರೆ ಈ ಕ್ರಮದಲ್ಲಿ ತೊಂದರೆಯಿಲ್ಲ, ಉಳಿದದ್ದನ್ನು ಏಜೆಂಟರು ನೋಡಿಕೊಳ್ಳುತ್ತಾರೆ. ಆದರೆ ಸ್ಕೀ ಕಟ್ಟಿಕೊಂಡು, ಸಾಮಾನಿನ ಜಾರುಬಂಡಿ ಎಳೆದುಕೊಂಡು, ರಸ್ತೆಯೂ ಕರೆಂಟೂ ಇಲ್ಲದ ಕಾಡಿನಲ್ಲಿ ಒಂದು ಮರದ ಮನೆಯಿಂದ ಇನ್ನೊಂದಕ್ಕೆ ಹೋಗುವ ರಜೆಗೆ ಈ ಕ್ರಮ ಪೂರ್ತಿ ತಲೆಕೆಳಗು. ಅಲ್ಲಿ ಮೊದಲು ಬೆಳಕಿನ ಲೆಕ್ಕ. ಅದರಿಂದ ದಿನಕ್ಕೆಷ್ಟು ದೂರ ಎಂಬುದು, ದೂರದಿಂದ ಮನೆಗಳು, ಮನೆಗಳಿಂದ ಹೊರೆ ಮತ್ತು ಊಟ. ಟಿಕೆಟ್ಟು, ವೀಸಾ ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಹೇಳುವುದೆಲ್ಲ ಫಿನ್‌ಲ್ಯಾಂಡಿನ ಉರ್ಹೊ ಕೆಕ್ಕೊನೆನ್ ರಾಷ್ಟ್ರೀಯ ಉದ್ಯಾನವನ್ನು ಮುಂದಿಟ್ಟುಕೊಂಡು. 1956ರಿಂದ 1982ರವರೆಗೆ ದೇಶದ ಅಧ್ಯಕ್ಷರಾಗಿದ್ದ, ಸ್ಕೀಯಿಂಗ್ ಹುಚ್ಚಿಗೆ ಹೆಸರಾದ ಕೆಕ್ಕೊನೆನ್ ಅವರ ಹೆಸರಿನಲ್ಲಿ 1983ರಲ್ಲಿ ಆದದ್ದು. ವಿಸ್ತಾರ ಸುಮಾರು 2,550 ಚದರ ಕಿ.ಮೀ. ಪೂರ್ವದ ಅಂಚು ರಷ್ಯಾ ಗಡಿಗೆ ತಾಗುತ್ತದೆ. ಗಡಿವಲಯಕ್ಕೆ ಪರವಾನಗಿ ಇಲ್ಲದೆ ಕಾಲಿಡುವಂತಿಲ್ಲ, ಆ ಗೆರೆಯನ್ನು ನಕ್ಷೆಯಲ್ಲಿ ಮೊದಲೇ ಗುರುತು ಮಾಡಿಕೊಳ್ಳಬೇಕು. ಪಶ್ಚಿಮದ ಬಾಗಿಲುಗಳೆಂದರೆ ಸಾರಿಸೆಲ್ಕಾ ಮತ್ತು ಕೀಲೊಪಾ. ಹೊಸಬರಿಗೆ ಈ ಉದ್ಯಾನವನ್ನೇ ಸೂಚಿಸಲು ಕಾರಣ ಸರಳ: ವಿಮಾನ ನಿಲ್ದಾಣ ಹತ್ತಿರ, ಸಾಮಾನು ಬಾಡಿಗೆಗೆ ಸಿಗುತ್ತದೆ, ಪಶ್ಚಿಮದ ಅರ್ಧದಲ್ಲಿ ಕಾಡುಮನೆಗಳು ಒಂದಕ್ಕೊಂದು ದಿನದೊಳಗಿನ ದೂರದಲ್ಲಿವೆ.

ತಿಂಗಳು ಯಾವುದು

ಸಾರಿಸೆಲ್ಕಾ ಇರುವುದು ಸುಮಾರು 68.4 ಡಿಗ್ರಿ ಉತ್ತರದಲ್ಲಿ. ಡಿಸೆಂಬರ್ ಮೊದಲ ವಾರದಿಂದ ಜನವರಿ ಎರಡನೇ ವಾರದ ಹತ್ತಿರದವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಕಗ್ಗತ್ತಲೇನೂ ಅಲ್ಲ, ಮಧ್ಯಾಹ್ನದ ಆಸುಪಾಸು ಕೆಲವು ಗಂಟೆ ನೀಲಿ ಮಬ್ಬುಬೆಳಕು ಇರುತ್ತದೆ. ನೋಡಲು ಚೆಂದ. ಆದರೆ ಆ ಬೆಳಕಿನಲ್ಲಿ ಹಿಮದ ಏರಿಳಿತಕ್ಕೆ ನೆರಳು ಬೀಳುವುದಿಲ್ಲ, ಎರಡಡಿ ಹಳ್ಳವೂ ಕಣ್ಣಿಗೆ ಬೀಳುವುದಿಲ್ಲ. ಫೆಬ್ರವರಿ ಮೊದಲ ವಾರಕ್ಕೆ ಹಗಲು ಆರು ಗಂಟೆಯಷ್ಟಾಗುತ್ತದೆ, ಮಾರ್ಚ್ 20ರ ಹೊತ್ತಿಗೆ ಹನ್ನೆರಡು ದಾಟುತ್ತದೆ. ಡಿಸೆಂಬರಿನಲ್ಲಿ ಹಿಮವೂ ಇನ್ನೂ ತೆಳು, ಸಡಿಲ. ಕಲ್ಲು, ಕುರುಚಲು ಮುಚ್ಚಿರುವುದಿಲ್ಲ, ಹೊಳೆಗಳು ಪೂರ್ತಿ ಹೆಪ್ಪುಗಟ್ಟಿರುವುದಿಲ್ಲ. ಹಿಮದ ಆಳ ಅತಿ ಹೆಚ್ಚಿರುವುದು ಮಾರ್ಚ್ ಕೊನೆಯ ಸುಮಾರಿಗೆ. ಹಗಲಲ್ಲಿ ಮೇಲ್ಪದರ ಸ್ವಲ್ಪ ಕರಗಿ ರಾತ್ರಿ ಗಟ್ಟಿಯಾಗುವುದರಿಂದ ಸ್ಕೀ ಹೂತುಹೋಗದೆ ಮೇಲೆಯೇ ಜಾರುತ್ತದೆ. ಅಲ್ಲಿನ ಜನ ಸ್ಕೀ ಚಾರಣಕ್ಕೆ ಹೊರಡುವುದೂ ಮಾರ್ಚ್, ಏಪ್ರಿಲ್‌ನಲ್ಲೇ.

ಹಾಗಾದರೆ ರಾತ್ರಿ ಆಕಾಶದಲ್ಲಿ ಆಡುವ ಉತ್ತರದ ಬೆಳಕು, ಅಂದರೆ ಅರೋರಾ ತಪ್ಪಿಹೋಗುವುದಿಲ್ಲವೇ? ಇಲ್ಲ. ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ ಭೂಮಿಯ ಕಾಂತಕ್ಷೇತ್ರದ ಚಟುವಟಿಕೆ ಸರಾಸರಿಯಲ್ಲಿ ಹೆಚ್ಚು. ಮಾರ್ಚ್‌ನ ರಾತ್ರಿ ಸಾಕಷ್ಟು ಕತ್ತಲಾಗಿಯೇ ಇರುತ್ತದೆ, ಮೋಡವೂ ಡಿಸೆಂಬರಿಗಿಂತ ಕಡಿಮೆ. ಏಪ್ರಿಲ್ ಅರ್ಧ ಕಳೆದರೆ ಮಾತ್ರ ರಾತ್ರಿಯೇ ತೆಳುವಾಗಿ ಕಾಣುವುದು ಕಷ್ಟ. ಹುಣ್ಣಿಮೆಯ ಹತ್ತಿರ ಮಂದವಾದ ಅರೋರಾ ಮಸುಕಾಗುತ್ತದೆ, ಆದರೆ ಹಿಮದ ಮೇಲಿನ ತಿಂಗಳ ಬೆಳಕಲ್ಲಿ ಟಾರ್ಚ್ ಇಲ್ಲದೆ ನಡೆಯಬಹುದು. ಯಾವುದು ಬೇಕು ಎಂಬುದು ಅವರವರಿಗೆ ಬಿಟ್ಟದ್ದು.

ಥಂಡಿಯ ಲೆಕ್ಕಕ್ಕೂ ಮಾರ್ಚ್ ಮೇಲು. ಜನವರಿ, ಫೆಬ್ರವರಿಯಲ್ಲಿ ಮೈನಸ್ 30 ದಾಟುವ ದಿನಗಳು ಅಪರೂಪವಲ್ಲ. ಫಿನ್‌ಲ್ಯಾಂಡಿನ ದಾಖಲೆ ಮೈನಸ್ 51.5, ಕಿತ್ತಿಲಾ ಪುರಸಭೆಯ ಪೊಕ್ಕಾದಲ್ಲಿ, 1999ರ ಜನವರಿ 28ರಂದು. ಮಾರ್ಚ್‌ನಲ್ಲಿ ಹಗಲು ಮೈನಸ್ 5 ಇದ್ದರೂ ನಿರ್ಮಲ ರಾತ್ರಿಗಳಲ್ಲಿ ಮೈನಸ್ 20, 25ಕ್ಕೆ ಇಳಿಯುವುದುಂಟು, ತಯಾರಿ ಅಷ್ಟಕ್ಕಂತೂ ಇರಲೇಬೇಕು. ಗಾಳಿ ಬೇರೆ. ಮೈನಸ್ 20ರಲ್ಲಿ ಸೆಕೆಂಡಿಗೆ 10 ಮೀಟರ್ ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 33ರಷ್ಟು ತಾಗುತ್ತದೆ. ಇನ್ನೊಂದು ವಿಚಿತ್ರ: ಗಾಳಿಯಿಲ್ಲದ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕಣಿವೆಗೆ ಇಳಿದು ಕೂರುತ್ತದೆ; ಮೇಲಿನ ಬೋಳುಗುಡ್ಡಗಳಿಗಿಂತ ಕೆಳಗಿನ ಹೊಳೆದಂಡೆ ಹತ್ತು ಡಿಗ್ರಿ ಹೆಚ್ಚು ತಂಪಾಗಿರಬಹುದು. ಡೇರೆ ಹಾಕುವುದಾದರೆ ಹೊಳೆದಂಡೆ ಬಿಟ್ಟು ಸ್ವಲ್ಪ ಮೇಲೆ, ಮರಗಳ ನಡುವೆ ಹಾಕಬೇಕು.

ಫಿನ್‌ಲ್ಯಾಂಡಿನ ಶಾಲೆಗಳಿಗೆ ವರ್ಷದ 8, 9, 10ನೇ ವಾರಗಳಲ್ಲಿ ಒಂದೊಂದು ಭಾಗಕ್ಕೆ ಸ್ಕೀ ರಜೆ. ಆ ಮೂರು ವಾರ ಮತ್ತು ಈಸ್ಟರ್ ವಾರ ಲ್ಯಾಪ್‌ಲ್ಯಾಂಡಿನ ಹೋಟೆಲು, ರೈಲು, ಕಾಡುಮನೆ ಎಲ್ಲ ತುಂಬಿರುತ್ತವೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ. ಗಡಿಯಾರ ಒಂದು ಗಂಟೆ ಮುಂದಿಡುವುದೂ ಅದೇ ಭಾನುವಾರ, ಬಸ್ ಹಿಡಿಯುವವರು ಗಮನಿಸಬೇಕು. ಮಾರ್ಚ್ ಮಧ್ಯದ ವಾರ ನಮ್ಮ ಆಯ್ಕೆ.

ದೂರ ಮತ್ತು ಕಾಡುಮನೆಗಳು

ಯಂತ್ರದಿಂದ ಒತ್ತಿದ ಹಾದಿಯಲ್ಲಿ ಜಾರುಬಂಡಿ ಎಳೆದುಕೊಂಡು ಗಂಟೆಗೆ ಮೂರು, ನಾಲ್ಕು ಕಿ.ಮೀ. ಹೋಗಬಹುದು. ಹಾದಿ ಇಲ್ಲದ ಹೊಸ ಹಿಮದಲ್ಲಿ ಅದು ಒಂದೂವರೆಗೆ ಇಳಿಯುತ್ತದೆ, ಮುಂದೆ ಹೋಗುವವರು ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗಬೇಕು. ನಕ್ಷೆಯಲ್ಲಿ ಹನ್ನೆರಡು ಕಿ.ಮೀ. ಕಂಡರೆ ಪಶ್ಚಿಮಘಟ್ಟದ ಚಾರಣದ ಲೆಕ್ಕ ಹಾಕಬಾರದು, ಅದು ಪೂರ್ತಿ ಒಂದು ದಿನ. ದಿನಕ್ಕೆ ಹತ್ತು, ಹನ್ನೆರಡು ಕಿ.ಮೀ.ಗೆ ಯೋಜನೆ ಹಾಕಿ, ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲೇ ತಲುಪುವ ಹಾಗೆ ಹೊರಡಬೇಕು.

ಮೊದಲ ಸಲದವರಿಗೆ ಕೀಲೊಪಾದಿಂದ ರೌತುಲಾಂಪಿ ಸಾಕು. ಒಂದು ಕಡೆಗೆ ಸುಮಾರು ಹತ್ತು ಕಿ.ಮೀ., ಒಂದೆರಡು ರಾತ್ರಿ ಇದ್ದು ವಾಪಸು. ಪಳಗಿದವರು ಕೀಲೊಪಾದಿಂದ ಸುವೊಮುನ್‌ರುವೊಕ್ತು, ಅಲ್ಲಿಂದ ತುಯಿಸ್ಕುಕುರು, ಮೂರನೇ ದಿನ ಲುಯಿರೊಯಾರ್ವಿ ಸರೋವರ ಎಂದು ಹೋಗುತ್ತಾರೆ. ಒಂದು ಕಡೆಗೇ ಮೂವತ್ತು ಕಿ.ಮೀ. ದಾಟುತ್ತದೆ. ಸರೋವರದ ದಂಡೆಯಲ್ಲಿ ಸೌನಾ, ಅಂದರೆ ಬಿಸಿ ಹಬೆಯ ಸ್ನಾನದ ಮನೆ ಇದೆ, ಎದುರಿಗೆ ಉದ್ಯಾನದ ಅತಿ ಎತ್ತರದ ಗುಡ್ಡ ಸೊಕೊಸ್ತಿ, 718 ಮೀಟರ್. ಹೋಗಿಬರಲು ಆರು ದಿನ, ಹವೆ ಕೆಟ್ಟರೆಂದು ಒಂದು ದಿನ ಹೆಚ್ಚುವರಿ. ಆ ಒಂದು ದಿನವನ್ನು ಉಳಿಸಲು ಹೋದವರೇ ಬಿರುಗಾಳಿಯಲ್ಲಿ ಗುಡ್ಡ ಹತ್ತುವುದು.

ಮನೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಔತಿಯೊತುಪಾ ಎಂಬುದು ಬೀಗವಿಲ್ಲದ, ಬಾಡಿಗೆಯಿಲ್ಲದ ಮನೆ. ಯಾರು ಬೇಕಾದರೂ ಒಂದೆರಡು ರಾತ್ರಿ ಉಳಿಯಬಹುದು, ಕಾಯ್ದಿರಿಸಲು ಬರುವುದಿಲ್ಲ. ವರೌಸ್ತುಪಾ ಎಂದರೆ ಬೀಗ ಹಾಕಿದ್ದು, ಹಾಸಿಗೆಯ ಲೆಕ್ಕದಲ್ಲಿ ಮೊದಲೇ ದುಡ್ಡು ಕಟ್ಟಿ ಕಾಯ್ದಿರಿಸುವಂಥದು. ಮೂರನೆಯದು ಹಗಲು ಹೊತ್ತಿನಲ್ಲಿ ಬೆಂಕಿ ಕಾಯಿಸಿ ಊಟ ಮಾಡಿ ಹೋಗುವುದಕ್ಕೆ ಮಾತ್ರ. ಎಲ್ಲವನ್ನೂ ನೋಡಿಕೊಳ್ಳುವುದು ಅರಣ್ಯ ಸಂಸ್ಥೆ ಮೆತ್ಸಾಹಲ್ಲಿತುಸ್. ಮನೆಗಳ ವಿವರ, ಮಂಚಗಳ ಸಂಖ್ಯೆ, ಸೌಕರ್ಯ ಎಲ್ಲ ಅದರ ಲುವೊಂತೂನ್ ಜಾಲತಾಣದಲ್ಲಿದೆ. ಹಲವು ಜಾಗಗಳಲ್ಲಿ ಒಂದೇ ಸೂರಿನಡಿ ಒಂದು ಪಕ್ಕ ಬೀಗವಿಲ್ಲದ್ದು, ಇನ್ನೊಂದು ಪಕ್ಕ ಕಾಯ್ದಿರಿಸುವುದು ಇರುತ್ತದೆ. ಬೀಗದ ಕೈ ಎಲ್ಲಿ ಪಡೆಯಬೇಕು ಎಂಬುದನ್ನು ಬುಕಿಂಗ್ ಮಾಡುವಾಗಲೇ ನೋಡಿಕೊಳ್ಳಬೇಕು. ಕಾಡಿನೊಳಗೆ ಹತ್ತು ಕಿ.ಮೀ. ಬಂದ ಮೇಲೆ ಬೀಗ ಮುಟ್ಟಿ ನೋಡಿ ಪ್ರಯೋಜನವಿಲ್ಲ.

ಬೀಗವಿಲ್ಲದ ಮನೆಯ ನಿಯಮ ನಮ್ಮ ರೈಲಿನ ಜನರಲ್ ಬೋಗಿಗೆ ತೀರ ಉಲ್ಟಾ: ಕೊನೆಗೆ ಬಂದವರಿಗೇ ಹಕ್ಕು ಹೆಚ್ಚು. ಮೊದಲು ಬಂದು ಬೆಚ್ಚಗಾಗಿ ಉಂಡವರು, ತಡವಾಗಿ ಬಂದವರಿಗೆ ಮಂಚ ಬಿಟ್ಟುಕೊಡಬೇಕು, ಅಗತ್ಯ ಬಿದ್ದರೆ ಎದ್ದು ಮುಂದೆ ಹೋಗಬೇಕು ಅಥವಾ ಹೊರಗೆ ಡೇರೆ ಹಾಕಬೇಕು. ಆದ್ದರಿಂದ ಮನೆಯಿಂದ ಮನೆಗೆ ಹೋಗುವವರೂ ಗುಂಪಿಗೊಂದು ಡೇರೆ, ಪ್ರತಿಯೊಬ್ಬರಿಗೂ ಮೈನಸ್ 20ಕ್ಕೆ ಸಾಲುವ ಸ್ಲೀಪಿಂಗ್ ಬ್ಯಾಗು, ಎರಡು ಪದರ ನೆಲಹಾಸು ಒಯ್ಯಲೇಬೇಕು. ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಮೂರು ಉಷ್ಣಾಂಶ ಬರೆದಿರುತ್ತದೆ. ನೋಡಬೇಕಾದದ್ದು ಕಂಫರ್ಟ್ ಎಂಬ ಅಂಕಿ. ಎಕ್ಸ್‌ಟ್ರೀಮ್ ಎಂದಿರುವುದು ಸಾಯದೆ ಉಳಿಯಬಹುದಾದ ಮಿತಿ, ನಿದ್ದೆಗೆ ಸಂಬಂಧಿಸಿದ್ದಲ್ಲ. ಅಂಗಡಿಯವರು ಜೋರಾಗಿ ಹೇಳುವುದು ಮಾತ್ರ ಅದನ್ನೇ.

ಮನೆ ತಲುಪಿದಾಗ ಒಳಗೂ ಹೊರಗಿನಷ್ಟೇ ಚಳಿ ಇರುತ್ತದೆ. ಇಲ್ಲಿ ಮಾಡುವ ಕೆಲಸಗಳಿಗೆ ಒಂದು ಕ್ರಮವಿದೆ, ಅದನ್ನು ತಪ್ಪಿಸಿದರೆ ಹಲ್ಲು ಕಡಕಡ. ಮೊದಲು ಬೆವರಿನ ಒಳ ಅಂಗಿ ಬಿಚ್ಚಿ ಒಣ ಅಂಗಿ, ಅದರ ಮೇಲೆ ದಪ್ಪ ಗರಿಜಾಕೆಟ್ಟು. ಕೂರಬಾರದು. ಆಮೇಲೆ ಕಟ್ಟಿಗೆ ಕೊಟ್ಟಿಗೆ. ಗರಗಸ, ಕೊಡಲಿ ಅಲ್ಲೇ ಇರುತ್ತವೆ. ಒಲೆಯ ಹೊಗೆಕೊಳವೆಯ ತಟ್ಟೆ ಪೂರ್ತಿ ತೆರೆದಿದೆಯೇ ನೋಡಿ, ಬರ್ಚ್ ಮರದ ತೊಗಟೆ ಚೂರು, ಅದರ ಮೇಲೆ ಬೆರಳು ಗಾತ್ರದ ಸೀಳು, ಆಮೇಲೆ ಮಣಿಕಟ್ಟಿನ ಗಾತ್ರದ್ದು. ಬರ್ಚ್ ತೊಗಟೆಯಲ್ಲಿ ಎಣ್ಣೆಯಂಶ ಇರುವುದರಿಂದ ಒದ್ದೆಯಾದರೂ ಹತ್ತಿಕೊಳ್ಳುತ್ತದೆ. ನಿಂತಿರುವ ಮರದಿಂದ ಅದನ್ನು ಕೀಳುವುದು ಮಾತ್ರ ಅಪರಾಧ. ತಣ್ಣಗಿರುವ ಕೊಳವೆಯಲ್ಲಿ ಹೊಗೆ ಮೇಲೇರದೆ ಮನೆಯೊಳಗೆ ನುಗ್ಗಿದರೆ ಒಲೆಬಾಯಲ್ಲಿ ಒಂದು ಹಿಡಿ ಕಾಗದ ಉರಿಸಿ ಕೊಳವೆ ಬೆಚ್ಚಗಾದ ಮೇಲೆ ಕಟ್ಟಿಗೆ ಇಡಬೇಕು. ದೊಡ್ಡ ದಿಮ್ಮಿ ತುರುಕಿದರೆ ಬೇಗ ಬೆಚ್ಚಗಾಗುತ್ತದೆ ಎಂಬುದು ಭ್ರಮೆ. ಸಣ್ಣ ಸೀಳುಗಳ ಜೋರು ಬೆಂಕಿಯೇ ಒಲೆಯ ಕಲ್ಲನ್ನು ಕಾಯಿಸುವುದು. ಕೋಣೆ ಹದಕ್ಕೆ ಬರಲು ಒಂದೂವರೆ, ಎರಡು ಗಂಟೆ ಬೇಕು.

ಅಷ್ಟರಲ್ಲಿ ನೀರು. ಹೊಳೆ, ಸರೋವರಕ್ಕೆ ಹಿಂದಿನವರು ಕೊರೆದ ತೂತು ಇದ್ದರೆ ಅದೇ ಸುಲಭ. ಇಲ್ಲದಿದ್ದರೆ ಶೌಚದ ಮನೆಯಿಂದ, ಕಾಲ್ದಾರಿಯಿಂದ ದೂರದ ಹಿಮ ತುಂಬಿ ಕರಗಿಸಬೇಕು. ಬರಿ ಪಾತ್ರೆಗೆ ಒಣ ಹಿಮ ಹಾಕಿ ಉರಿ ಹಚ್ಚಿದರೆ ತಳ ಸೀದು ನೀರಿಗೆ ಸುಟ್ಟ ವಾಸನೆ ಬರುತ್ತದೆ, ಏಕೆಂದರೆ ಕರಗಿದ ಮೊದಲ ಹನಿಗಳನ್ನು ಮೇಲಿನ ಹಿಮವೇ ಹೀರಿಕೊಂಡು ತಳ ಒಣಗಿಬಿಡುತ್ತದೆ. ಫ್ಲಾಸ್ಕಿನಲ್ಲಿ ಉಳಿದ ಒಂದು ಲೋಟ ನೀರು ಮೊದಲು ಹಾಕಿ, ಹಿಮವನ್ನು ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಒಂದು ಕಿಲೊ ಹಿಮವನ್ನು ಕರಗಿಸಲು ಬೇಕಾದ ಶಾಖ, ಆ ನೀರನ್ನು ಕುದಿಸಲು ಬೇಕಾದದ್ದಕ್ಕೆ ಹತ್ತಿರ ಹತ್ತಿರ ಸಮ. ಇಂಧನದ ಲೆಕ್ಕದಲ್ಲಿ ಜನ ಎಡವುವುದು ಇಲ್ಲೇ.

ಒಲೆಯ ಮೇಲಿನ ಹಗ್ಗದಲ್ಲಿ ಒಣಗಬೇಕಾದದ್ದು ಬೂಟಿನ ಒಳಚೀಲ, ಮಿಟನ್ನು (ನಾಲ್ಕು ಬೆರಳೂ ಒಟ್ಟಿಗಿರುವ ಕೈಗವಸು), ಟೋಪಿ, ಏರು ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀ ತಳಕ್ಕೆ ಅಂಟಿಸುವ ಪಟ್ಟಿ. ಕೊಳವೆಗೆ ತಾಗಿಸಿದರೆ ಸಿಂಥೆಟಿಕ್ ಬಟ್ಟೆ ಕರಗುತ್ತದೆ, ಚರ್ಮದ ಬೂಟು ಒಲೆ ಪಕ್ಕ ಇಟ್ಟರೆ ಒಡೆಯುತ್ತದೆ. ಮಲಗುವ ಮುನ್ನ ಕೆಂಡದ ಮೇಲೆ ನೀಲಿ ಜ್ವಾಲೆ ಆಡುತ್ತಿದ್ದರೆ ಕೊಳವೆಯ ತಟ್ಟೆ ಮುಚ್ಚಕೂಡದು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕೋಣೆ ತುಂಬುತ್ತದೆ. ಕೆಂಡ ಪೂರ್ತಿ ಕಪ್ಪಾದ ಮೇಲೆಯೇ ಮುಚ್ಚುವುದು. ಬ್ಯಾಟರಿಯ ಪುಟ್ಟ ಅಲಾರಂ ಒಂದು ಜೊತೆಗಿರಲಿ. ಬೆಳಗ್ಗೆ ಹೊರಡುವಾಗ ನೆಲ ಗುಡಿಸಿ, ಬೂದಿ ತೆಗೆದು, ಮುಂದೆ ಬರುವವರಿಗೆ ಒಣ ಕಟ್ಟಿಗೆ, ಸೀಳು, ತೊಗಟೆ ಒಳಗಿಟ್ಟು, ಕಸವನ್ನೆಲ್ಲ ಹೊತ್ತುಕೊಂಡು ಹೋಗಬೇಕು. ಮನೆಯ ಪುಸ್ತಕದಲ್ಲಿ ಹೆಸರು, ತಾರೀಕು, ಮುಂದಿನ ಮನೆ ಯಾವುದು ಎಂದು ಬರೆಯಬೇಕು. ಹುಡುಕುವ ಪ್ರಸಂಗ ಬಂದರೆ ಮೊದಲು ತಿರುವಿ ನೋಡುವುದು ಆ ಪುಸ್ತಕವನ್ನೇ.

ಮೈಮೇಲೆ, ಬಂಡಿಯ ಮೇಲೆ

ಬೆಂಗಳೂರಿನಿಂದ ಹೊರಡುವವರು ಅತಿ ದಪ್ಪ ಜಾಕೆಟ್ಟಿಗೆ ದುಡ್ಡು ಸುರಿದು, ಒಳಗೆ ಹತ್ತಿಯ ಬನಿಯನ್ನು ಹಾಕಿಕೊಂಡು ಬರುತ್ತಾರೆ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಮೈ ಮಂಜುಗಡ್ಡೆ. ಒಳಗೆ ಮೆರಿನೊ ಉಣ್ಣೆಯ ಅಂಗಿ, ಒಳಪ್ಯಾಂಟು. ನಡುವೆ ಫ್ಲೀಸ್ ಅಥವಾ ಉಣ್ಣೆ ಸ್ವೆಟರು. ಮೇಲೆ ಗಾಳಿ ತಡೆಯುವ ತೆಳು ಜಾಕೆಟ್ಟು, ಪ್ಯಾಂಟು. ಗರಿಜಾಕೆಟ್ಟು ನಿಂತಾಗ ಮಾತ್ರ, ನಡೆಯುವಾಗ ಬಂಡಿಯಲ್ಲಿ. ಹೊರಡುವಾಗ ಸ್ವಲ್ಪ ನಡುಗುತ್ತಲೇ ಹೊರಡಬೇಕು. ಹತ್ತು ಹದಿನೈದು ನಿಮಿಷಕ್ಕೆ ನಿಂತು ಒಂದು ಪದರ ಬಿಚ್ಚಬೇಕಾಗಿ ಬಂದರೆ ಬಿಚ್ಚಲೇಬೇಕು, ಗುಂಪು ಮುಂದೆ ಹೋಗುತ್ತದೆಂದು ಸಂಕೋಚಪಟ್ಟರೆ ಸಂಜೆಗೆ ಅದರ ಫಲ. ಅಮ್ಮ ತುರುಕಿ ಕಳಿಸುವ ಮಂಕಿ ಕ್ಯಾಪು ನಿಜವಾದ ಉಣ್ಣೆಯದಾಗಿದ್ದರೆ ಒಯ್ಯಿರಿ, ಮುಖ ಮುಚ್ಚಲು ಅದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದು ಕಷ್ಟ.

ಬೂಟು ಒಂದೂವರೆ ಸೈಜು ದೊಡ್ಡದಿರಬೇಕು. ಬಿಗಿ ಬೂಟಿನೊಳಗೆ ಮೂರು ಜೊತೆ ಸಾಕ್ಸು ತುರುಕಿದರೆ ರಕ್ತ ಓಡದೆ, ಬೆಚ್ಚಗಿಡುವ ಗಾಳಿಗೂ ಜಾಗವಿಲ್ಲದೆ ಬೆರಳು ಮೊದಲು ಹೆಪ್ಪುಗಟ್ಟುತ್ತವೆ. ಬೆರಳು ಬೇರೆಬೇರೆಯಾದ ಗ್ಲೌಸಿಗಿಂತ ಮಿಟನ್ ಎಷ್ಟೋ ವಾಸಿ. ಒಳಗೆ ತೆಳು ಉಣ್ಣೆ ಗ್ಲೌಸು, ಮೇಲೆ ಮಿಟನ್, ಅದಕ್ಕೆ ಮಣಿಕಟ್ಟಿನ ದಾರ. ಗಾಳಿಗೆ ಹಾರಿಹೋದ ಮಿಟನ್ನು ಸಿಗುವುದಿಲ್ಲ. ಇನ್ನೊಂದು ಜೊತೆ ಬಂಡಿಯಲ್ಲಿರಲಿ. ಮಾರ್ಚ್‌ನ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಸುಡುತ್ತದೆ, ಪಕ್ಕ ಮುಚ್ಚುವ ಕಪ್ಪು ಕನ್ನಡಕ ಬೇಕೇಬೇಕು. ಕೆನ್ನೆ, ಮೂಗು, ಕಿವಿಯ ಮೇಲೆ ಮೇಣದಂಥ ಬಿಳಿ ಕಲೆ ಮೂಡಿದರೆ ಅದು ಹಿಮಕಡಿತದ ಆರಂಭ. ಅದು ತನಗೇ ಕಾಣುವುದಿಲ್ಲವಾದ್ದರಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಬೇಕು. ಬೆಚ್ಚಗಿನ ಅಂಗೈ ಒತ್ತಿ ಹಿಡಿದರೆ ಸಾಕು. ಹಿಮ ತಿಕ್ಕಬೇಕೆಂಬ ಹಳೆಯ ಸಲಹೆ ತಪ್ಪು, ಚರ್ಮ ಕಿತ್ತುಬರುತ್ತದೆ.

ಸ್ಕೀ, ಬೂಟು, ಬಂಡಿ ಇವನ್ನು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುವುದು ಜಾಣತನ. ಕೀಲೊಪಾದಲ್ಲಿ ಎಲ್ಲ ಸಿಗುತ್ತವೆ. ಅಗಲವಾದ, ಅಂಚಿಗೆ ಉಕ್ಕಿನ ಪಟ್ಟಿ ಇರುವ ಗುಡ್ಡದ ಸ್ಕೀ ಕೇಳಬೇಕು, ಏರಿಗೆ ಅಂಟಿಸುವ ಪಟ್ಟಿ ಸಮೇತ. ಥಂಡಿಯಲ್ಲಿ ಆ ಪಟ್ಟಿಯ ಅಂಟು ಹಿಡಿಯುವುದಿಲ್ಲ. ಹತ್ತು ನಿಮಿಷ ಜಾಕೆಟ್ಟಿನೊಳಗೆ ಎದೆಗಿಟ್ಟು ಬೆಚ್ಚಗೆ ಮಾಡಿ ಅಂಟಿಸಬೇಕು. ಬಂಡಿಯಲ್ಲಿ ಭಾರದ ಸಾಮಾನು ತಳದಲ್ಲಿ, ನಡುವಿಗಿಂತ ಚೂರು ಹಿಂದಕ್ಕೆ. ಮೇಲೆ ಭಾರ ಹೇರಿದರೆ ಪ್ರತಿ ಇಳಿಜಾರಿನ ಪಕ್ಕದಲ್ಲೂ ಮಗುಚುತ್ತದೆ. ಸ್ಕೀ ಮೇಲೆ ನಿಂತೇ ಗೊತ್ತಿಲ್ಲದವರು ಕೀಲೊಪಾದ ಸಿದ್ಧ ಹಾದಿಗಳಲ್ಲಿ ಎರಡು ದಿನ ಪಾಠ ಕಲಿತು, ಬೀಳುವುದನ್ನೂ ಬಿದ್ದು ಏಳುವುದನ್ನೂ ಅಭ್ಯಾಸ ಮಾಡಬೇಕು. ಊರಿನಲ್ಲಿ ತಯಾರಿ ಬೇಕೆಂದರೆ ಸೊಂಟಕ್ಕೆ ಹಗ್ಗ ಕಟ್ಟಿ ಹಳೆ ಕಾರಿನ ಟೈರು ಎಳೆಯುವುದೇ ಸರಿಯಾದ ಕಸರತ್ತು, ಬಡಾವಣೆಯವರು ನಕ್ಕರೆ ನಗಲಿ.

ಸ್ಟೌವಿಗೆ ಸಾಮಾನ್ಯ ಗ್ಯಾಸ್ ಡಬ್ಬಿ ಕೆಲಸಕ್ಕೆ ಬಾರದು. ಬ್ಯೂಟೇನ್ ಕುದಿಯುವುದು ಮೈನಸ್ 0.5ರಲ್ಲಿ, ಐಸೊಬ್ಯೂಟೇನ್ ಮೈನಸ್ 11.7ರಲ್ಲಿ, ಅದಕ್ಕಿಂತ ಕೆಳಗೆ ಡಬ್ಬಿಯಲ್ಲಿ ದ್ರವ ಇದ್ದೂ ಉರಿ ಬರುವುದಿಲ್ಲ. ಪಂಪ್ ಮಾಡುವ ಪೆಟ್ರೋಲ್ ಸ್ಟೌವು ಬೇಕು. ಮನೆಗಳಲ್ಲೇ ಉಳಿಯುವುದಾದರೆ ತಲೆಗೆ ದಿನಕ್ಕೆ 100 ಮಿ.ಲೀ. ಇಂಧನ, ಡೇರೆಯಲ್ಲಿ ಹಿಮ ಕರಗಿಸಿಯೇ ಬದುಕುವುದಾದರೆ 200ಕ್ಕೆ ಕಡಿಮೆ ಇಲ್ಲ. ವಿಮಾನದಲ್ಲಿ ಇಂಧನ ಒಯ್ಯುವಂತಿಲ್ಲ, ವಿಮಾನ ನಿಲ್ದಾಣವಿರುವ ಇವಲೊ ಅಥವಾ ಸಾರಿಸೆಲ್ಕಾದಲ್ಲಿ ಕೊಳ್ಳಬೇಕು. ಹೆಡ್‌ಲ್ಯಾಂಪಿಗೆ ಲಿಥಿಯಂ ಸೆಲ್ಲು, ಫೋನು ಒಳಜೇಬಿನಲ್ಲಿ. ಕ್ಯಾಮೆರಾವನ್ನು ಬೆಚ್ಚಗಿನ ಕೋಣೆಗೆ ತರುವ ಮೊದಲು ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತೇವ ಚೀಲದ ಮೇಲೆ ಕೂರುತ್ತದೆ, ಲೆನ್ಸಿನೊಳಗಲ್ಲ.

ಊಟದ ವಿಷಯಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ, ನಮ್ಮ ಒಣ ಸಾಮಾನು ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಬ್ಬರಿಗೆ ಒಂದು ದಿನಕ್ಕೆ: ಅವಲಕ್ಕಿ ಅಥವಾ ಓಟ್ಸ್ 120 ಗ್ರಾಂ, ಅಕ್ಕಿ 200, ಹೆಸರುಬೇಳೆ 80, ಬೆಣ್ಣೆ ಅಥವಾ ಎಣ್ಣೆ 100, ಕಡಲೆಬೀಜ, ಗೋಡಂಬಿ 150, ಚಾಕೊಲೇಟ್ 100, ಬೆಲ್ಲ 60. ಒಟ್ಟು 800 ಗ್ರಾಂ ಚಿಲ್ಲರೆ, 3,900 ಕ್ಯಾಲೊರಿಯ ಹತ್ತಿರ. ಊರಲ್ಲಿ ಅಷ್ಟು ತಿಂದರೆ ಡಾಕ್ಟರು ಬೈಯುತ್ತಾರೆ, ಅಲ್ಲಿ ಕಡಿಮೆ ತಿಂದರೆ ರಾತ್ರಿ ಬ್ಯಾಗಿನೊಳಗೆ ಮೈ ಬೆಚ್ಚಗಾಗುವುದಿಲ್ಲ. ತೊಗರಿಬೇಳೆ ಬೇಯಲು ತಡ. ಹುರಿದ ಹೆಸರುಬೇಳೆ, ಅಕ್ಕಿ, ಮೆಣಸು, ಜೀರಿಗೆ, ಉಪ್ಪು ಒಂದೊಂದು ಹೊತ್ತಿಗೆ ಪೊಟ್ಟಣ ಕಟ್ಟಿಕೊಂಡರೆ ಖಾರ ಹುಗ್ಗಿ ಒಂದೇ ಪಾತ್ರೆಯಲ್ಲಿ ಆಗುತ್ತದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ಯಬಹುದು. ತುಪ್ಪ ಒಯ್ಯುವಂತಿಲ್ಲ: ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದು ನಿಷಿದ್ಧ. ಹಸಿ ಕರಿಬೇವಿನ ಸೊಪ್ಪಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬೆಣ್ಣೆಯನ್ನು ಇವಲೊದ ಅಂಗಡಿಯಲ್ಲಿ ಕೊಂಡು ಅಲ್ಲೇ ತುಂಡು ಮಾಡಿಟ್ಟುಕೊಳ್ಳಿ. ಚಾಕೊಲೇಟ್, ಚಿಕ್ಕಿಯನ್ನೂ ಮೊದಲೇ ಸಣ್ಣಗೆ ಒಡೆದಿಡಬೇಕು, ಮೈನಸ್ 20ರಲ್ಲಿ ಹಲ್ಲು ಮುರಿಯುತ್ತದೆ. ಹಗಲಿಗೆ ತಲೆಗೊಂದು ಲೀಟರಿನ ಸ್ಟೀಲ್ ಫ್ಲಾಸ್ಕು. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಟ್ಟರೆ ಹೆಪ್ಪು ಮೇಲಿರುವ ತಳದ ಕಡೆ ಕಟ್ಟುತ್ತದೆ, ಮುಚ್ಚಳ ತೆರೆಯಲು ಬರುತ್ತದೆ.

ಹಾದಿಯಲ್ಲಿ ಕೆಡುವುದು

ಬೋಳುಗುಡ್ಡದ ಮೇಲೆ ಮೋಡ ಇಳಿದರೆ ನೆಲ, ಆಕಾಶ ಎರಡೂ ಒಂದೇ ಬಿಳುಪು. ಆಗ ಫೋನಿನ ನಕ್ಷೆಯನ್ನಷ್ಟೇ ನಂಬಿದವರ ಬ್ಯಾಟರಿ ಮೊದಲು ಸಾಯುತ್ತದೆ. 1:50,000 ಅಳತೆಯ ಕಾಗದದ ನಕ್ಷೆ, ದಿಕ್ಸೂಚಿ ಕೊರಳಲ್ಲಿರಲಿ. ಅಲ್ಲಿ ಸೂಜಿ ನಿಜವಾದ ಉತ್ತರಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ಪೂರ್ವಕ್ಕೆ ವಾಲುತ್ತದೆ, ನಕ್ಷೆಯ ಮೇಲೆ ಬರೆದಿರುವ ಆ ವರ್ಷದ ಅಂಕಿ ನೋಡಿ ಸರಿಪಡಿಸಿಕೊಳ್ಳಬೇಕು. ಗಾಳಿ ಜೋರಿದ್ದರೆ ಗುಡ್ಡದ ದಾರಿ ಬಿಟ್ಟು ಮರಗಳಿರುವ ಕಣಿವೆಯ ದಾರಿ ಹಿಡಿಯಬೇಕು, ಎರಡು ಕಿ.ಮೀ. ಹೆಚ್ಚಾದರೂ ಸರಿ. ಕಡಿದಾದ ಕಮರಿಗಳ ಅಂಚಿಗೆ ಗಾಳಿ ಕಟ್ಟಿದ ಹಿಮದ ಕೆಳಗೆ ಹೋಗಬಾರದು. ಗುಡ್ಡ ಚಿಕ್ಕದಾದರೂ ಹಿಮಕುಸಿತ ಚಿಕ್ಕದಲ್ಲ.

ಮಂಜುಗಡ್ಡೆಯ ಮೇಲೆ ನಡೆಯಲು ಗಟ್ಟಿ ಪದರ ಕನಿಷ್ಠ 5 ಸೆಂ.ಮೀ., ಹಿಮವಾಹನಕ್ಕೆ 15. ಮಾರ್ಚ್‌ನಲ್ಲಿ ಸರೋವರದ ನಡುವೆ ಅದಕ್ಕಿಂತ ಎಷ್ಟೋ ದಪ್ಪ ಇರುತ್ತದೆ, ಆದರೆ ಹೊಳೆ ಸೇರುವ ಬಾಯಿ, ಹೊರಡುವ ಬಾಯಿ, ಕಿರಿದಾದ ಜಾಗಗಳಲ್ಲಿ ನೀರು ಹರಿಯುತ್ತಲೇ ಇರುವುದರಿಂದ ತೆಳು. ಇನ್ನೊಂದು ಮೋಸ ಹೊಸಬರಿಗೆ ತಿಳಿಯುವುದೇ ಇಲ್ಲ. ಹಿಮದ ಭಾರಕ್ಕೆ ಮಂಜುಗಡ್ಡೆ ಕುಗ್ಗಿ, ಬಿರುಕಿನಿಂದ ನೀರು ಮೇಲೆ ಬಂದು ಹಿಮದಡಿಯಲ್ಲಿ ನಿಂತಿರುತ್ತದೆ. ಮೇಲಿನಿಂದ ನೋಡಿದರೆ ಒಣ ಬಿಳಿ ಹಿಮ. ಸ್ಕೀ ಇಳಿದ ಕೂಡಲೇ ತಳಕ್ಕೆ ನೀರು ಹತ್ತಿ, ಎತ್ತಿದ ಕೂಡಲೇ ಹೆಪ್ಪುಗಟ್ಟಿ, ಎರಡು ಹೆಜ್ಜೆಗೆ ಸ್ಕೀ ಕೆಳಗೆ ಗೇಣು ದಪ್ಪ ಹಿಮದ ಮುದ್ದೆ. ನಿಲ್ಲದೆ ದಡಕ್ಕೆ ಹೋಗಿ, ಸ್ಕೀ ಬಿಚ್ಚಿ, ಚಾಕುವಿನ ಬೆನ್ನಿನಿಂದ ಪೂರ್ತಿ ಕೆರೆದು ಒಣಗಿಸಿಯೇ ಮುಂದೆ ಹೋಗಬೇಕು. ಬಂಡಿಯ ತಳವನ್ನೂ ಕೆರೆಯಲು ಮರೆಯಬಾರದು, ಇಲ್ಲದಿದ್ದರೆ ಹೊರೆ ಎರಡರಷ್ಟು ಭಾರ.

ತುರ್ತು ಸಂಖ್ಯೆ 112. ಅದರ ಫಿನ್ನಿಶ್ ಆ್ಯಪ್‌ನಿಂದ ಕರೆ ಮಾಡಿದರೆ ಇರುವ ಜಾಗ ತಾನಾಗಿಯೇ ಹೋಗುತ್ತದೆ. ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ, ಹತ್ತಿರದ ಎತ್ತರಕ್ಕೆ ಏರಬೇಕಾಗಬಹುದು. ಹೊರಡುವ ಮುನ್ನ ದಾರಿ, ವಾಪಸು ಬರುವ ದಿನ, ಗಂಟೆ ಎಲ್ಲ ಬರೆದು ಉಳಿದುಕೊಂಡ ವಸತಿಗೃಹದಲ್ಲಿ ಕೊಟ್ಟು, ಬಂದ ಕೂಡಲೇ ಬಂದೆವೆಂದು ಹೇಳಬೇಕು.

ಕಾಗದಪತ್ರ

ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಕನಿಷ್ಠ 15 ದಿನ ಮುಂಚೆ ಹಾಕಿರಬೇಕು. ಶುಲ್ಕ 2024ರ ಜೂನ್‌ನಿಂದ 90 ಯೂರೊ. ವಿಮೆ 30,000 ಯೂರೊಗೆ ಕಡಿಮೆ ಇರಬಾರದು. ನಮ್ಮ ಸಾಮಾನ್ಯ ಪ್ರಯಾಣ ವಿಮೆಗಳಲ್ಲಿ ಸ್ಕೀಯಿಂಗನ್ನು, ಹುಡುಕಿ ರಕ್ಷಿಸುವ ಖರ್ಚನ್ನು ಸಣ್ಣಕ್ಷರದಲ್ಲಿ ಹೊರಗಿಟ್ಟಿರುವುದುಂಟು, ಪಾಲಿಸಿಯ ಆ ಪುಟ ಓದಿಯೇ ಕೊಳ್ಳಬೇಕು. ನಿಜವಾದ ತೊಡಕು ವಸತಿಯ ಪುರಾವೆ. ಬೀಗವಿಲ್ಲದ ಮನೆಗೆ ರಸೀದಿ ಎಲ್ಲಿಂದ ತರುವುದು? ಸುಳ್ಳು ಹೋಟೆಲ್ ಬುಕಿಂಗ್ ಹಾಕುವ ಚಾಳಿ ಬೇಡ. ಎಲ್ಲೆಲ್ಲಿ ಸಾಧ್ಯವೋ ಅಲ್ಲಿ ಕಾಯ್ದಿರಿಸುವ ಮನೆಯ ಹಾಸಿಗೆಗೆ ದುಡ್ಡು ಕಟ್ಟಿ ರಸೀದಿ ಇಡಿ, ಮೊದಲ ಮತ್ತು ಕೊನೆಯ ರಾತ್ರಿಗಳಿಗೆ ಕೀಲೊಪಾ ಅಥವಾ ಸಾರಿಸೆಲ್ಕಾದ ಬುಕಿಂಗ್, ಉಳಿದದ್ದಕ್ಕೆ ದಿನವಾರು ದಾರಿಯ ಪತ್ರ, ನಕ್ಷೆಯ ಪ್ರತಿಯೊಂದಿಗೆ. ನಾರ್ವೆಗೂ ಹೋಗುವವರು ಯಾವ ದೇಶದಲ್ಲಿ ಹೆಚ್ಚು ರಾತ್ರಿ ಇರುತ್ತಾರೋ ಆ ದೇಶಕ್ಕೇ ಅರ್ಜಿ ಹಾಕಬೇಕು.

ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೂಲಕ ಹೋದರೆ ಷೆಂಗೆನ್ ಪ್ರವೇಶ ಅಲ್ಲೇ ಆಗುತ್ತದೆ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಭಾವಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಬಂದಿರುವುದರಿಂದ ಮುಂದಿನ ವಿಮಾನಕ್ಕೆ ಮೂರು ಗಂಟೆಗೆ ಕಡಿಮೆ ಬಿಡುವು ಇಟ್ಟುಕೊಳ್ಳಬೇಡಿ. ಹೆಲ್ಸಿಂಕಿಯಿಂದ ಇವಲೊಗೆ ವಿಮಾನ ಒಂದೂವರೆ ಗಂಟೆ, ಅಲ್ಲಿಂದ ಬಸ್ಸು. ಇಲ್ಲವೇ ರಾತ್ರಿ ರೈಲಿನಲ್ಲಿ ರೊವಾನಿಯೆಮಿ, ಅಲ್ಲಿಂದ ಉತ್ತರಕ್ಕೆ ಬಸ್ಸಿನಲ್ಲಿ ಮೂರೂವರೆ, ನಾಲ್ಕು ಗಂಟೆ. ಸಾಮಾನು ಹೆಚ್ಚಿದ್ದವರಿಗೆ ರೈಲೇ ಮೇಲು.

ವಾಪಸು ಬರುವಾಗ ಕಾಡಿನಿಂದ ಹೊರಬಂದ ದಿನವೇ ವಿಮಾನ ಇಟ್ಟುಕೊಳ್ಳಬಾರದು. ಒಂದು ರಾತ್ರಿ ಕೀಲೊಪಾದಲ್ಲಿ ನಿಂತರೆ ಹೊಗೆ ಸೌನಾ ಇರುತ್ತದೆ, ಧೈರ್ಯವಿದ್ದವರಿಗೆ ಪಕ್ಕದ ತೊರೆಯ ತಣ್ಣೀರೂ ಇದೆ. ಉಳಿದ ಇಂಧನವನ್ನು ಬಾಡಿಗೆ ಅಂಗಡಿಯವರಿಗೆ ಕೊಟ್ಟುಬಿಡಿ. ಸ್ವಂತ ಸ್ಟೌವು ಒಯ್ದಿದ್ದರೆ ವಿಮಾನದವರು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿ, ಬಾಟಲಿ ಖಾಲಿ ಮಾಡಿ, ಸೋಪಿನ ನೀರಿನಲ್ಲಿ ತೊಳೆದು, ರಾತ್ರಿಯಿಡೀ ಮುಚ್ಚಳ ತೆಗೆದು ಹೊರಗಿಡಿ. ಪೆಟ್ರೋಲ್ ವಾಸನೆ ಚೂರು ಬಂದರೂ ಚೆಕ್-ಇನ್ ಕೌಂಟರಿನಲ್ಲಿ ಅದನ್ನು ಅಲ್ಲೇ ಬಿಟ್ಟು ಬರಬೇಕಾಗುತ್ತದೆ.